ಹತ್ತಿಯ ಕಾಟಾ ಶಾಲೆಗೆ ಬಂದ ವರ್ಷ: ಒಂದು ಪ್ರಕರಣ ಅಧ್ಯಯನ

ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕು ಊರಿನ ಸರ್ಕಾರಿ ಬಾಲಕಿಯರ ಪ್ರೌಢಶಾಲೆಯಲ್ಲಿ 2024–25ನೇ ಸಾಲಿನಲ್ಲಿ ನಡೆದದ್ದು ಇದು: ಹತ್ತಿ ತೂಗುವ ಕಾಟಾ (ತಕ್ಕಡಿ) ಗಣಿತದ ಪಾಠವಾದ ಕಥೆ. ಆಗ ನಾನು ಅಲ್ಲಿ ಗಣಿತ ಶಿಕ್ಷಕಿ. ಊರು, ಜನರ ಹೆಸರು ಬರೆದಿಲ್ಲ. ಯಾರ ಗುರುತೂ ಹತ್ತಬಾರದೆಂದು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ತೂಕದ ಲೆಕ್ಕಗಳನ್ನು ಮಾತ್ರ ಮುಟ್ಟಿಲ್ಲ. ಪಠ್ಯದ ಆಚೆಗಿನ ಚಟುವಟಿಕೆ ಮಾಡಿಸಬೇಕು ಅಂದುಕೊಂಡು ದಾರಿ ಕಾಣದೆ ಕೂತಿರುವ ಶಿಕ್ಷಕರಿಗೆ ಇದರಲ್ಲಿ ಏನಾದರೂ ಸಿಗಬಹುದು. ನಾವು ಎಡವಿದ್ದೂ ಇದರಲ್ಲಿದೆ, ಅದನ್ನೂ ಹಾಗೆಯೇ ಇಟ್ಟಿದ್ದೇನೆ.

ಹಿನ್ನೆಲೆ

2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ, ಶೇ. 50.59. ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ನೇರ ನಿಗಾ) ಬಂದ ಮೊದಲ ವರ್ಷ ಅದು. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಮೇಲಿನಿಂದ ಕೆಳಗಿನವರೆಗೂ ಒಂದೇ ಮಾತು: ವಿಶೇಷ ತರಗತಿ, ಗುಂಪು ಅಧ್ಯಯನ, ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟನ್ನೇ ಅಭ್ಯಾಸ ಮಾಡಿಸುವ ಹಾಳೆಗಳು). ವೇಳಾಪಟ್ಟಿಯಲ್ಲಿ ಗ್ರಂಥಾಲಯ, ಕಾರ್ಯಾನುಭವ, ದೈಹಿಕ ಶಿಕ್ಷಣದ ಅವಧಿಗಳು ಹೆಸರಿಗಷ್ಟೇ ಉಳಿದವು. ಅವುಗಳಲ್ಲಿ ಗಣಿತವನ್ನೋ ಇಂಗ್ಲಿಷನ್ನೋ ತುರುಕಿದೆವು. ತುರುಕಿದವರಲ್ಲಿ ನಾನೂ ಒಬ್ಬಳು.

ಚಟುವಟಿಕೆಗಳು ಇರಲೇ ಇಲ್ಲ ಅಂತಲ್ಲ. ಪ್ರತಿಭಾ ಕಾರಂಜಿ ಇತ್ತು, ವಿಜ್ಞಾನ ವಸ್ತುಪ್ರದರ್ಶನ ಇತ್ತು. ಆದರೆ ಹಾಡುವುದಕ್ಕೂ ಅದೇ ಐದಾರು ಹುಡುಗಿಯರು, ಜ್ವಾಲಾಮುಖಿಯ ಮಾದರಿ ಮಾಡುವುದಕ್ಕೂ ಅವರೇ. ಎಲ್ಲರೂ ಊರೊಳಗಿನವರು, ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಮನೆ ಇದ್ದವರು. ಎಂಟರಿಂದ ಹತ್ತನೇ ತರಗತಿವರೆಗೆ ಮುನ್ನೂರಕ್ಕೂ ಹೆಚ್ಚು ಹುಡುಗಿಯರಿದ್ದ ಶಾಲೆಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸುತ್ತಲಿನ ಹಳ್ಳಿಗಳಿಂದ ಬಸ್ಸಿಗೆ ಬರುತ್ತಿದ್ದರು. ಅವರ ಪಾಲಿಗೆ ‘ಚಟುವಟಿಕೆ’ ಅಂದರೆ ಕೂತು ಚಪ್ಪಾಳೆ ತಟ್ಟುವುದು.

ಇನ್ನೊಂದು ಸಂಗತಿ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಮುಂಗಾರಿಗೆ ಬಿತ್ತಿದ ಹತ್ತಿ ದೀಪಾವಳಿ ಸುಮಾರಿಗೆ ಒಡೆಯುತ್ತದೆ. ಅಲ್ಲಿಂದ ಸಂಕ್ರಾಂತಿ ದಾಟುವವರೆಗೆ ಮೂರು ನಾಲ್ಕು ಸಲ ಬಿಡಿಸುತ್ತಾರೆ. ಕೂಲಿ ದಿನದ ಲೆಕ್ಕದಲ್ಲಲ್ಲ, ಕಿಲೋ ಲೆಕ್ಕದಲ್ಲಿ. ಆ ವರ್ಷ ನಮ್ಮ ಸುತ್ತ ಕಿಲೋಕ್ಕೆ ಹತ್ತು ರೂಪಾಯಿ ನಡೆದಿತ್ತು. ಕಿಲೋ ಲೆಕ್ಕ ಅಂದಮೇಲೆ ಎಷ್ಟು ಕೈ ಇದ್ದರೂ ಬೇಕು. ನವೆಂಬರ್‌ನಲ್ಲಿ ನಮ್ಮ ಹಾಜರಿ ಪುಸ್ತಕ ತೆರೆದರೆ ಹಳ್ಳಿ ಹಳ್ಳಿಯೇ ಗೈರು.

ಮೊದಲು ಮಾಡಿದ ಎರಡು ಪ್ರಯತ್ನ

ಜುಲೈನಲ್ಲಿ ದಾನಿಯೊಬ್ಬರಿಂದ ಎಲೆಕ್ಟ್ರಾನಿಕ್ಸ್ ಕಿಟ್‌ಗಳು ಬಂದವು. ಸಣ್ಣ ಮೋಟರ್, ಸೆನ್ಸರ್, ಎಲ್‌ಇಡಿ, ತಂತಿ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ‘ವಿಜ್ಞಾನ ಕ್ಲಬ್’ ಅಂತ ಮಾಡಿದೆವು. ಮೊದಲ ದಿನ ನಲವತ್ತು ಮಂದಿ. ಮೂರನೇ ವಾರ ಹನ್ನೊಂದು. ಹನ್ನೊಂದೂ ಊರಿನವರೇ. ಉಳಿದವರ ಕಡೆಯ ಬಸ್ಸು ಐದಕ್ಕೆ. ಕ್ಲಬ್ಬಿನ ಫೋಟೊಗಳು ಮಾತ್ರ ಚೆನ್ನಾಗಿ ಬಂದವು. ಆ ಗ್ರೂಪು ಈ ಗ್ರೂಪು ಅಂತ ವಾಟ್ಸಾಪಿನಲ್ಲಿ ತಿರುಗಾಡಿದವು.

ಆಮೇಲೆ ಶನಿವಾರಕ್ಕೆ ಬದಲಿಸಿದೆವು. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನ ಬಿಡುವು, ಹಾಗಾಗಿ ಸಮಯ ಇದೆ ಅಂತ ನಮ್ಮ ಎಣಿಕೆ. ಅದು ನಮ್ಮ ಸಮಯ, ಹುಡುಗಿಯರದ್ದಲ್ಲ. ಶನಿವಾರ ಮಧ್ಯಾಹ್ನ ಬಟ್ಟೆ ಒಗೆಯುವುದಿರುತ್ತದೆ, ವಾರದ ನೀರು ತುಂಬುವುದಿರುತ್ತದೆ, ಅವ್ವ ಕೂಲಿಗೆ ಹೋದರೆ ತಮ್ಮ ತಂಗಿಯರನ್ನು ನೋಡುವುದಿರುತ್ತದೆ. ಎರಡು ಶನಿವಾರ ನಡೆಸಿ ಕೈಬಿಟ್ಟೆವು.

ನಾವು ಪಾಠ ಕಲಿತದ್ದು ಇಲ್ಲೇ ಅಂತ ಬರೆದರೆ ಸುಳ್ಳಾಗುತ್ತದೆ. ‘ಇವರಿಗೆ ಆಸಕ್ತಿಯೇ ಇಲ್ಲ’ ಅಂತ ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡು ಸುಮ್ಮನಾದೆವು. ಕಿಟ್‌ಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆವು.

ಬಸ್ಸಿನಲ್ಲಿ ಕೇಳಿದ ಮಾತು

ಸೆಪ್ಟೆಂಬರ್ ಕೊನೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕರು ಸನ್ನತಿಗೆ ಒಂದು ದಿನದ ಹೊರಸಂಚಾರ ಗೊತ್ತು ಮಾಡಿದರು. ಖಾಸಗಿ ಬಸ್ಸಿಗೆ ಕೊಡಲು ದುಡ್ಡಿರಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಉಚಿತ ಇತ್ತಲ್ಲ, ಸರ್ಕಾರಿ ಬಸ್ಸಿನಲ್ಲೇ ಹೋಗಿಬರೋಣ ಅಂದರು. ಮನೆಗಳಿಂದ ಒಪ್ಪಿಗೆ ಬರಲಿಲ್ಲ. ‘ಹೆಣ್ಣು ಹುಡುಗರನ್ನ ನದಿ ದಂಡಿಗೆ ಕಳಸಂಗಿಲ್ರಿ.’ ಆಗ ಮುಖ್ಯಗುರುಗಳು ಒಂದು ಮಾತು ಹೇಳಿದರು, ಈಗ ಯೋಚಿಸಿದರೆ ಇಡೀ ಪ್ರಕರಣದ ಕೀಲಿ ಅದೇ: ‘ಅವ್ವಂದಿರಿಗೂ ಬಸ್ ಫ್ರೀ ಅದ ಅಲ್ಲಾ. ಅವರನ್ನೂ ಕರಕೊಂಡು ಹೋಗ್ರಿ.’

ಇಪ್ಪತ್ತಾರು ಹುಡುಗಿಯರು, ಒಂಬತ್ತು ತಾಯಂದಿರು. ಎರಡು ಬಸ್ಸು ಬದಲಿಸಿ ಭೀಮಾ ದಂಡೆಯ ಸನ್ನತಿ ಸೇರಿದೆವು. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಡು ಕುಸಿದು 1986ರಲ್ಲಿ ಅಶೋಕನ ಶಾಸನ ಹೊರಬಂದದ್ದು, ಶಾಸನದ ಬಂಡೆಯನ್ನೇ ನಡುವೆ ಕೊರೆದು ಮೂರ್ತಿಗೆ ಪೀಠ ಮಾಡಿದ್ದದ್ದು, ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಬ್ರಾಹ್ಮಿ ಅಕ್ಷರದಲ್ಲಿ ಅಶೋಕನ ಹೆಸರಿರುವ ಅವನ ಉಬ್ಬುಚಿತ್ರ ಸಿಕ್ಕಿದ್ದು, ಎಲ್ಲವನ್ನೂ ಶಿಕ್ಷಕರು ಹೇಳಿದರು. ಹುಡುಗಿಯರಿಗಿಂತ ತಾಯಂದಿರ ಪ್ರಶ್ನೆಗಳೇ ಜಾಸ್ತಿ. ‘ಅಕ್ಷರ ಇದ್ದ ಕಲ್ಲಂತ ಗೊತ್ತಿಲ್ಲದ ಕೊರದ್ರೇನ್ರಿ?’ ಅಂತ ಒಬ್ಬಾಕೆ ಕೇಳಿದ್ದು ನೆನಪಿದೆ.

ಬರುವಾಗ ಬಸ್ಸಿನಲ್ಲಿ ನಾನು ತಾಯಂದಿರ ನಡುವೆ ಸಿಕ್ಕಿಕೊಂಡೆ. ಹತ್ತಿ ಒಡೆಯುವ ದಿನ ಹತ್ತಿರ ಬಂದಿತ್ತು, ಮಾತು ಅಲ್ಲಿಗೇ ಹೋಯಿತು. ಯಾವ ಹೊಲದಲ್ಲಿ ಊಟ ಕೊಡುತ್ತಾರೆ, ಯಾರು ಕೂಲಿ ತಡ ಮಾಡುತ್ತಾರೆ, ಯಾರ ಕಾಟಾ ‘ಹೊಡೀತದ’, ಅಂದರೆ ತೂಕ ಕಡಿಮೆ ತೋರಿಸುತ್ತದೆ. ಒಬ್ಬ ತಾಯಿ ಅಂದಳು: ‘ನಾ ಹೊತ್ತಾಗ ಎಂಟ್ ಕಿಲೋ ಇರ್ತದ್ರಿ ಟೀಚರ್, ಕಾಟಾಕ್ಕ ಹಾಕಿದ್ರ ಏಳೂ ಬರಂಗಿಲ್ಲ. ನಮಗ ತಿಳೀತದ, ಹೇಳಾಕ್ ಬರಂಗಿಲ್ಲ.’

ಆಕೆಯ ಮಗಳು ಹತ್ತನೇ ತರಗತಿಯ ಹಿಂದಿನ ಬೆಂಚಿನಾಕೆ. ಇಲ್ಲಿ ಅವಳನ್ನು ‘ಸ’ ಅನ್ನುತ್ತೇನೆ. ಗಣಿತದಲ್ಲಿ ಹತ್ತಕ್ಕೆ ಎರಡೋ ಮೂರೋ ತೆಗೆಯುವ ಹುಡುಗಿ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು ತಿರುಗಿ, ‘ಯವ್ವಾ, ಅದಕ್ಕ ನಾ ಎರಡು ಗಂಟು ಒಂದಾ ಕಟ್ತೀನಿ, ಕಮ್ಮಿ ಹೊಡೀತದ’ ಅಂದಳು.

ಆ ಮಾತು ನನಗೆ ಅವತ್ತು ಅರ್ಥವಾಗಲಿಲ್ಲ. ರಾತ್ರಿ ಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಾಗ ತಟ್ಟನೆ ಹೊಳೆಯಿತು. ತೂಕ ಪ್ರಮಾಣದಲ್ಲಿ ಕಡಿಮೆಯಾಗುತ್ತಿದ್ದರೆ ಎರಡು ಗಂಟು ಒಂದು ಮಾಡಿದರೂ ನಷ್ಟ ಅಷ್ಟೇ. ಒಂದಾಗಿ ಕಟ್ಟಿದರೆ ನಷ್ಟ ಕಡಿಮೆ ಅಂದರೆ, ಪ್ರತಿ ತೂಕಕ್ಕೂ ಒಂದು ಗೊತ್ತಾದ ಮೊತ್ತ ಹೋಗುತ್ತಿದೆ. ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಕಲಿಸಿದ್ದ ಎರಡು ಬಗೆಯ ಗೆರೆಗಳ ವ್ಯತ್ಯಾಸವನ್ನು ಈ ಹುಡುಗಿ ಹೆಗಲ ಮೇಲೆ ಕಂಡುಕೊಂಡಿದ್ದಳು.

ಹತ್ತಿ ವಹಿ, ಅದರ ಮೊದಲ ಜಗಳ

ದಸರಾ ರಜೆ ಮುಗಿದ ಮೇಲೆ ಒಂಬತ್ತು ಮತ್ತು ಹತ್ತನೇ ತರಗತಿಯ ಹುಡುಗಿಯರಿಗೆ ಒಂದು ವಹಿ ಇಡಲು ಹೇಳಿದೆ. ಹತ್ತಿಗೆ ಹೋದ ದಿನ ಎಷ್ಟು ಗಂಟು, ಒಂದೊಂದರ ತೂಕ ಎಷ್ಟು ಬಂತು, ಒಟ್ಟು ಎಷ್ಟು, ಕೈಗೆ ಬಂದ ಕೂಲಿ ಎಷ್ಟು. ಹತ್ತಿಗೆ ಹೋಗದವರು ಮನೆಯ ಬೇರೆ ಲೆಕ್ಕ ಬರೆಯಬಹುದು: ಹಾಲು, ಕಿರಾಣಿ, ನೀರು. ಇದನ್ನು ಬಿಡಿಸಿ ನೋಡುವುದು ಕಾರ್ಯಾನುಭವದ ಅವಧಿಯಲ್ಲಿ, ಅಂದರೆ ಶಾಲೆಯ ಒಳಗಿನ ಗಂಟೆಯಲ್ಲಿ. ಶಾಲೆ ಬಿಟ್ಟ ಮೇಲೆ ಯಾರನ್ನೂ ಒಂದು ನಿಮಿಷ ನಿಲ್ಲಿಸುವುದಿಲ್ಲ ಅಂತ ಮೊದಲೇ ನಿರ್ಧರಿಸಿದೆವು.

ಸ್ಟಾಫ್ ಮೀಟಿಂಗಿನಲ್ಲಿ ಜಗಳವೇ ಆಯಿತು. ‘ಗೈರಾಗೋದಕ್ಕ ನೀವಾ ಲೈಸೆನ್ಸ್ ಕೊಟ್ಟಂಗಾತು’ ಅಂತ ಹಿರಿಯ ಶಿಕ್ಷಕರೊಬ್ಬರು ಎದ್ದು ನಿಂತರು. ಅವರ ಮಾತಿನಲ್ಲಿ ಹುರುಳಿತ್ತು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚುವಂತಿಲ್ಲ. ಶಾಲೆಯ ಹೊತ್ತು ಬಿಟ್ಟು ಮನೆಯವರಿಗೆ ನೆರವಾಗುವುದಕ್ಕೆ ವಿನಾಯಿತಿ ಇದೆ, ಬೇರೆಯವರ ಹೊಲದ ಕೂಲಿಗೆ ಇಲ್ಲ. ನಮ್ಮ ಎಂಟನೇ ತರಗತಿಯಲ್ಲಿ ಹದಿಮೂರರ ಹುಡುಗಿಯರೂ ಇದ್ದರು. ಅವರ ಕೂಲಿಯನ್ನು ಶಾಲೆಯೇ ಪಾಠ ಮಾಡಿ ಕೂರಿಸುವುದು ಹೇಗೆ? ಕೊನೆಗೆ ಎಂಟನೇ ತರಗತಿಗೆ ವಹಿ ಬೇಡ, ಅಲ್ಲಿ ಗೈರಾದವರ ಮನೆಗೆ ಹೋಗಿ ಕರೆತರುವ ಕೆಲಸವೇ ಮುಂದುವರಿಯಲಿ ಎಂದಾಯಿತು. ಈ ತೀರ್ಮಾನದ ಬಗ್ಗೆ ಕೊನೆಯಲ್ಲಿ ಮತ್ತೆ ಹೇಳುತ್ತೇನೆ.

ವಹಿಯಲ್ಲಿ ಹುಡುಗಿಯರು ಕೇಳದ್ದನ್ನೂ ಬರೆದರು. ‘ಇವತ್ತು ಹಾವು ಬಂತು, ಅರ್ಧ ತಾಸು ಕೆಲಸ ನಿಂತಿತು.’ ‘ಬೆರಳು ಕೊರದಾದ, ಬರೆಯಾಕ ಆಗವಲ್ದು.’ ಒಣಗಿದ ಹತ್ತಿಕಾಯಿಯ ತುದಿ ಸೂಜಿಯಂತೆ ಚೂಪು. ಬೋರ್ಡಿಗೆ ಕರೆದರೆ ಕೆಲವರು ಚಾಕ್‌ಪೀಸನ್ನು ಹೆಬ್ಬೆರಳು, ನಡುಬೆರಳಿನಲ್ಲಿ ಹಿಡಿಯುತ್ತಿದ್ದರು, ತೋರುಬೆರಳನ್ನು ಎತ್ತಿಟ್ಟುಕೊಂಡು. ಅಷ್ಟು ವರ್ಷ ಅದನ್ನು ನಾನು ಸೋಮಾರಿತನದ ಬರವಣಿಗೆ ಅಂದುಕೊಂಡಿದ್ದೆ.

ನೀರಿನ ಕ್ಯಾನು

ನವೆಂಬರ್ ಮಧ್ಯದಲ್ಲಿ ಒಂದು ಸೋಮವಾರ ‘ಸ’ ಚೀಲದಲ್ಲಿ ಒಂದು ಸ್ಪ್ರಿಂಗ್ ಕಾಟಾ ತಂದಳು. ಅವಳ ಮಾಮ ಕೂಲಿ ಗುಂಪಿನ ಮುಂದಾಳು, ಕಾಟಾ ಅವನ ಹತ್ತಿರ ಇರುತ್ತಿತ್ತು. ಅವತ್ತು ಬಿಡಿಸುವ ಕೆಲಸ ಇರಲಿಲ್ಲ. ಕಾಟಾ ಯಾರದ್ದು ಅಂತ ನಾನು ಕೇಳಲಿಲ್ಲ. ನನ್ನ ದೊಡ್ಡ ತಪ್ಪು ಇದು.

ಗೊತ್ತಿರುವ ತೂಕ ಎಲ್ಲಿಂದ ತರುವುದು? ಒಂಬತ್ತನೇ ತರಗತಿಯ ಒಬ್ಬಳು, ‘ಟೀಚರ್, ಒಂದ್ ಲೀಟರ್ ನೀರಂದ್ರ ಒಂದ್ ಕಿಲೋ ಅಲ್ರಿ?’ ಅಂದಳು. ಕುಡಿಯುವ ನೀರಿನ ಇಪ್ಪತ್ತು ಲೀಟರ್ ಕ್ಯಾನು ಇತ್ತು. ಪ್ರಯೋಗಾಲಯದ ಅಳತೆ ಜಾಡಿಯಿಂದ ಲೀಟರ್ ಲೀಟರ್ ಎಣಿಸಿ ಸುರಿದೆವು. ಖಾಲಿ ಕ್ಯಾನನ್ನು ಎದುರಿನ ಕಿರಾಣಿ ಅಂಗಡಿಯ, ಆ ವರ್ಷದ ಮುದ್ರೆ ಬಿದ್ದಿದ್ದ ಎಲೆಕ್ಟ್ರಾನಿಕ್ ಕಾಟಾದಲ್ಲಿ ತೂಗಿಸಿ ತಂದೆವು: 700 ಗ್ರಾಂ.

ವರಾಂಡದ ಅಡ್ಡಪಟ್ಟಿಗೆ ಕಾಟಾ ಕಟ್ಟಿ ಮೊದಲು ಖಾಲಿ ಕ್ಯಾನು ಹಾಕಿದರು. ಮುಳ್ಳು ಸೊನ್ನೆಯನ್ನೇ ಮುಟ್ಟಲಿಲ್ಲ. ಸೊನ್ನೆಯ ಗೆರೆಯ ಮೇಲ್ಭಾಗಕ್ಕೆ ಕಪ್ಪು ಟೇಪ್ ಸುತ್ತಿತ್ತು, ಮುಳ್ಳು ಆ ಟೇಪಿನ ಒಳಗೇ ಎಲ್ಲೋ ನಿಂತಿತ್ತು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ನಗಲಿಲ್ಲ.

ಐದು ಲೀಟರ್ ಹಾಕಿದಾಗ ನಿಜ ತೂಕ 5.7, ಕಾಟಾ ತೋರಿಸಿದ್ದು 4.5. ಹತ್ತು ಲೀಟರಿಗೆ 10.7 ಇರಬೇಕು, ಬಂದದ್ದು 9.5. ಹದಿನೈದಕ್ಕೆ 14.4. ಇಪ್ಪತ್ತಕ್ಕೆ 19.5. ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ಸ್ಕೇಲ್ ಹಿಡಿದರೆ ಗೆರೆ ನೇರ, ಆದರೆ ಮೂಲಬಿಂದುವಿನಲ್ಲಿ ಹಾಯಲಿಲ್ಲ. ಕಾಟಾದ ತೂಕ ಅಂದರೆ ನಿಜ ತೂಕದಲ್ಲಿ ಹೆಚ್ಚೂಕಡಿಮೆ 1.2 ಕಳೆದದ್ದು. ಗಂಟು ದೊಡ್ಡದಿರಲಿ ಚಿಕ್ಕದಿರಲಿ, ಪ್ರತಿ ಸಲ ಒಂದು ಕಿಲೋ ಇನ್ನೂರು ಗ್ರಾಂ ಗಾಳಿಗೆ.

ಮುಂದಿನ ಲೆಕ್ಕ ಹುಡುಗಿಯರೇ ಮಾಡಿದರು. ದಿನಕ್ಕೆ 32 ಕಿಲೋ ಬಿಡಿಸುವವಳು ಎಂಟೆಂಟು ಕಿಲೋದ ನಾಲ್ಕು ಗಂಟು ತಂದರೆ 4.8 ಕಿಲೋ ಹೋಯಿತು, ನಲವತ್ತೆಂಟು ರೂಪಾಯಿ. ನಾಲ್ಕು ನಾಲ್ಕು ಕಿಲೋದ ಎಂಟು ಗಂಟು ತರುವ ಚಿಕ್ಕ ಹುಡುಗಿಗೆ 9.6 ಕಿಲೋ, ತೊಂಬತ್ತಾರು ರೂಪಾಯಿ. ಅಷ್ಟೇ ಹತ್ತಿ, ಅಷ್ಟೇ ಬಿಸಿಲು, ನಷ್ಟ ಎರಡರಷ್ಟು. ಹೆಚ್ಚು ಹೊರಲಾಗದವಳಿಗೇ ಹೆಚ್ಚು ಹೊಡೆತ. ‘ಸ’ ಎದ್ದು ಬಂದು, ‘ಅದಕ್ಕಾ ನಾ ಎರಡು ಗಂಟು ಕೂಡಿ ಕಟ್ತೀನಿ ಅಂದಿದ್ದು’ ಅಂತ ಬೋರ್ಡಿನ ಮೇಲೆ ಮಾಡಿ ತೋರಿಸಿದಳು. ಆ ವರ್ಷ ಅವಳು ತಾನಾಗಿ ಬೋರ್ಡಿಗೆ ಬಂದದ್ದು ಅದೇ ಮೊದಲು.

ವಿಜ್ಞಾನ ಶಿಕ್ಷಕಿ ಸ್ಟಾಫ್ ರೂಮಿನಲ್ಲಿ ನನ್ನೊಬ್ಬಳಿಗೇ ಇನ್ನೊಂದು ಮಾತು ಹೇಳಿದರು. ಸ್ಪ್ರಿಂಗ್ ಹಳೆಯದಾಗಿ ಸಡಿಲಾದರೆ ಕಾಟಾ ಜಾಸ್ತಿ ತೋರಿಸುತ್ತದೆ, ಕಡಿಮೆಯಲ್ಲ. ಅದನ್ನು ತರಗತಿಯಲ್ಲಿ ಹೇಳುವುದು ಬೇಡ ಅಂತ ಇಬ್ಬರೂ ಒಪ್ಪಿದೆವು. ಯಾರು ಮಾಡಿದರು ಅನ್ನುವುದು ನಮ್ಮ ಗ್ರಾಫಿನಿಂದ ತಿಳಿಯುವ ಸಂಗತಿಯಲ್ಲ.

ಸಾವ್ಕಾರ್ರು ಬಂದರು

ಮೂರನೇ ದಿನ, ಆ ಕಾಟಾದಲ್ಲಿ ಹತ್ತಿ ತೂಗುತ್ತಿದ್ದ ಹೊಲದ ಮಾಲೀಕರು ಶಾಲೆಗೆ ಬಂದರು, ಜೊತೆಗೆ ಊರಿನ ಇಬ್ಬರು ಹಿರಿಯರು. ಸಿಟ್ಟು ಇತ್ತು, ಆದರೆ ದನಿ ಏರಿಸಲಿಲ್ಲ. ‘ಸರ, ಸಾಲ್ಯಾಗ ಲೆಕ್ಕ ಕಲಿಸ್ರಿ, ಬ್ಯಾಡ ಅನ್ನಂಗಿಲ್ಲ. ನಮ್ಮ ಲೆಕ್ಕ ಯಾಕ ನೋಡ್ತೀರಿ?’

ನನ್ನ ಕಾಲು ನಡುಗಿತು. ಕ್ಷಮೆ ಕೇಳಿ ಮುಗಿಸೋಣ ಅನ್ನಿಸಿತು. ವಿಜ್ಞಾನ ಶಿಕ್ಷಕಿಯದ್ದು ಇನ್ನೊಂದು ತುದಿ: 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ವ್ಯವಹಾರದ ಕಾಟಾಕ್ಕೆ ಇಲಾಖೆಯ ಮುದ್ರೆ ಬೇಕು, ಇದರ ಮೇಲೆ ಮುದ್ರೆಯೇ ಇಲ್ಲ, ದೂರು ಕೊಡೋಣ. ಮುಖ್ಯಗುರುಗಳು ಎರಡನ್ನೂ ಮಾಡಲಿಲ್ಲ. ಚಹಾ ತರಿಸಿದರು. ತೂಕ ಯಾಕೆ ಕಡಿಮೆ ಅಂತ ಕೇಳಲಿಲ್ಲ; ‘ಮುಂಜಾನಿ ಹತ್ತಿ ತೂಕದ್ದು ನೀವ್ ಹೆಂಗ ನೋಡ್ತೀರಿ ಸಾವ್ಕಾರ್ರ?’ ಅಂತ ಕೇಳಿದರು. ಅದು ಮಾಲೀಕರಿಗೆ ತಮ್ಮ ಮಾತು ಹೇಳಲು ಸಿಕ್ಕ ಬಾಗಿಲಾಯಿತು. ‘ಇಬ್ಬನಿ ಕುಡದ ಹತ್ತಿ ಭಾರ ಬರ್ತದ್ರಿ. ನೀರಿಗೂ ಕೂಲಿ ಕೊಡ್ಬೇಕೇನು? ಅದಕ್ಕ ಒಂದೀಟ್ ಸೂಟು ಹಿಡೀತೀವಿ. ನಾ ಮಾರಾಕ್ ಹೋದಲ್ಲಿ ಹಸಿ ಅದ ಅಂತ ನನಗ ಕಟ್ ಮಾಡ್ತಾರ.’

ಸೂಟು ಅಂದರೆ ತೂಕದಲ್ಲಿ ಹಿಡಿಯುವ ಕಡಿತ. ಅವರ ಮಾತು ಸುಳ್ಳಲ್ಲ. ಬೆಂಬಲ ಬೆಲೆಗೆ ಹತ್ತಿ ಕೊಳ್ಳುವ ಭಾರತೀಯ ಹತ್ತಿ ನಿಗಮದ ಖರೀದಿಯಲ್ಲಿ ತೇವಾಂಶ ಶೇ. 8 ದಾಟಿದರೆ ದರ ಕಡಿತ, ಶೇ. 12 ದಾಟಿದರೆ ಮಾಲೇ ವಾಪಸ್. ಆ ವರ್ಷ ಉದ್ದ ಎಳೆ ಹತ್ತಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,521 ರೂಪಾಯಿ ಇತ್ತು, ಅದು ಪೂರಾ ಸಿಗಬೇಕಾದರೆ ಹತ್ತಿ ಒಣಗಿರಬೇಕು.

ಮುಖ್ಯಗುರುಗಳು ಅಂದರು: ‘ಇದಾ ಮಾತು ಹುಡುಗ್ಯಾರ ಮುಂದ ಹೇಳ್ತೀರೇನ್ರಿ? ಅವ್ರು ಅರ್ಧ ಲೆಕ್ಕ ಮಾಡ್ಯಾರ, ನಿಮ್ಮದು ಬಿಟ್ಟದ.’ ಮಾಲೀಕರು ನಿರೀಕ್ಷಿಸಿರಲಿಲ್ಲ. ಆದರೂ ಹತ್ತನೇ ತರಗತಿಗೆ ಬಂದು, ಬಾಗಿಲಲ್ಲೇ ನಿಂತು, ಇಬ್ಬನಿಯ ಮಾತು ಹೇಳಿ ಹೋದರು. ಎರಡು ನಿಮಿಷ ಇರಬಹುದು.

ಹನ್ನೆರಡು ಕಿಲೋ

ಸ್ವಂತ ಹೊಲವಿದ್ದ ಹುಡುಗಿಯೊಬ್ಬಳ ಮನೆಯಿಂದ ಬೆಳಗಿನ ಇಬ್ಬನಿಯಲ್ಲೇ ಬಿಡಿಸಿದ ಹತ್ತಿ ತರಿಸಿದೆವು. ಕಿರಾಣಿ ಅಂಗಡಿಯ ಕಾಟಾದಲ್ಲಿ ಸರಿಯಾಗಿ ಎರಡು ಕಿಲೋ. ಶಾಲೆಯ ಅಂಗಳದಲ್ಲಿ ಹಳೆಯ ಸೀರೆ ಹಾಸಿ ಹರವಿದರು. ಪ್ರತಿ ಅವಧಿಯ ಗಂಟೆ ಹೊಡೆದಾಗ ಇಬ್ಬರು ಓಡಿಹೋಗಿ ಬಾಚಿ ಕಟ್ಟಿ, ಎದುರಿನ ಅಂಗಡಿಯಲ್ಲಿ ತೂಗಿ, ಬಂದು ಬರೆದರು. ಮಧ್ಯಾಹ್ನದ ಹೊತ್ತಿಗೆ 1.81. ಇನ್ನೂ ಎರಡು ದಿನ ಮಾಡಿದರು: 1.83, 1.79. ಹತ್ತಿರ ಹತ್ತಿರ ಹತ್ತರಲ್ಲಿ ಒಂದು ಪಾಲು ನೀರು. ಸಾವ್ಕಾರ್ರ ಮಾತು ನಿಜ ಅಂತ ಹುಡುಗಿಯರು ಒಪ್ಪಬೇಕಾಯಿತು. ಕೆಲವರಿಗೆ ಅದು ಇಷ್ಟವಾಗಲಿಲ್ಲ.

ಈಗ ಬೋರ್ಡಿನ ಮೇಲೆ ಎರಡು ಗೆರೆ. ಒಂದು ಇಬ್ಬನಿಯದ್ದು: ಗಂಟಿನ ತೂಕದ 0.9 ಪಟ್ಟು, ಮೂಲಬಿಂದುವಿನಿಂದ ಹೊರಡುತ್ತದೆ. ಇನ್ನೊಂದು ಕಾಟಾದ್ದು: ಗಂಟಿನ ತೂಕದಲ್ಲಿ 1.2 ಕಳೆ. ಎರಡೂ ಎಲ್ಲಿ ಕೂಡುತ್ತವೆ? ‘ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ’ ಅಂತ ಪುಸ್ತಕದಲ್ಲಿ ಇರುವ ಅಧ್ಯಾಯವೇ ಇದು. ಉತ್ತರ ಹನ್ನೆರಡು. ಹನ್ನೆರಡು ಕಿಲೋದ ಗಂಟಿಗೆ ಮಾತ್ರ ಸೂಟು ಸರಿ. ಅದಕ್ಕಿಂತ ದೊಡ್ಡ ಗಂಟಿಗೆ, ಅಂದರೆ ಗಟ್ಟಿ ಹೆಂಗಸರು ಹೊರುವ ಹದಿನೈದು ಕಿಲೋಗೆ, ಮಾಲೀಕರಿಗೇ ಸ್ವಲ್ಪ ನಷ್ಟ. ಆರು ಕಿಲೋದ ಗಂಟಿಗೆ ಇಬ್ಬನಿ 600 ಗ್ರಾಂ, ಕಾಟಾ ತಿನ್ನುವುದು 1,200. ಮೇಲಾಗಿ ಇಬ್ಬನಿ ಬೆಳಿಗ್ಗೆ ಮಾತ್ರ. ಕಾಟಾಕ್ಕೆ ಮಧ್ಯಾಹ್ನವೂ ಇಬ್ಬನಿಯೇ.

ಆ ಕೊನೆಯ ವಾಕ್ಯ ನನ್ನದಲ್ಲ, ಒಬ್ಬ ಹುಡುಗಿ ವಹಿಯಲ್ಲಿ ಬರೆದದ್ದು.

ಗ್ರಾಫನ್ನು ಮುಖ್ಯಗುರುಗಳೇ ಮಾಲೀಕರಿಗೆ ತೋರಿಸಿದರು, ಅವರ ಮನೆಯಲ್ಲಿ, ಯಾರನ್ನೂ ಜೊತೆಗೆ ಕರೆದೊಯ್ಯದೆ. ಏನು ಮಾತಾಯಿತೋ ನಮಗೆ ಹೇಳಲಿಲ್ಲ. ಎರಡನೇ ಸಲ ಬಿಡಿಸುವಾಗ ಆ ಹೊಲದಲ್ಲಿ ಬೆಳಗಿನ ಹತ್ತಿಯನ್ನು ಹನ್ನೊಂದರವರೆಗೆ ಹರವಿ ಒಣಗಿಸಿ ತೂಗುವ ಪದ್ಧತಿ ಬಂತು. ಕಾಟಾದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ, ಆದರೆ ಟೇಪ್ ಇರಲಿಲ್ಲ, ಮುಳ್ಳು ಸೊನ್ನೆಗೆ ಬಂದಿತ್ತು.

ಎಲ್ಲರೂ ಖುಷಿಪಟ್ಟರು ಅಂತ ತಿಳಿಯಬೇಡಿ. ದೊಡ್ಡ ಗಂಟು ಹೊರುವ ಹೆಂಗಸೊಬ್ಬಳು ಸಂತೆಯಲ್ಲಿ ನನ್ನನ್ನು ನಿಲ್ಲಿಸಿ ಅಂದಳು: ‘ಇಬ್ಬನಿ ನಮಗ ದೇವ್ರು ಕೊಟ್ಟಿದ್ದಿತ್ತು. ಅದನ್ನೂ ಲೆಕ್ಕ ಮಾಡಿ ಕಳದ್ರಿ ನೋಡ್ರಿ ಟೀಚರ್.’ ಅವಳ ಲೆಕ್ಕ ಸರಿಯಾಗಿಯೇ ಇತ್ತು. ಬೆಳಗಿನ ಹದಿನೈದು ಕಿಲೋಗೆ ಮೊದಲು 13.8 ಸಿಗುತ್ತಿತ್ತು, ಈಗ 13.5.

ಬೆಲೆ ತೆತ್ತವಳು

‘ಸ’ ಮತ್ತು ಅವಳ ಅವ್ವನನ್ನು ಆ ಗುಂಪಿನವರು ಎರಡು ವಾರ ಕೆಲಸಕ್ಕೆ ಕರೆಯಲಿಲ್ಲ. ಮಾಲೀಕರು ಹೇಳಿ ಮಾಡಿಸಿದ್ದೋ, ಕಾಟಾ ಕೊಟ್ಟು ಸಿಕ್ಕಿಬಿದ್ದ ಮಾಮನ ಸಿಟ್ಟೋ, ಸ್ಪಷ್ಟವಾಗಲಿಲ್ಲ. ಸುಗ್ಗಿಯ ನಡುವೆ ಎರಡು ವಾರದ ಕೂಲಿ ಆ ಮನೆಗೆ ಸಣ್ಣದಲ್ಲ. ಆ ಎರಡು ವಾರ ‘ಸ’ ಒಂದು ದಿನವೂ ತಪ್ಪದೆ ಶಾಲೆಗೆ ಬಂದಳು. ಹಾಜರಿ ಪುಸ್ತಕದಲ್ಲಿ ಅದು ನಮ್ಮ ಯಶಸ್ಸಿನ ಹಾಗೆ ಕಾಣುತ್ತದೆ. ಹಾಗೆ ಓದುವವರಿಗೆ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಕಾಟಾ ಯಾರದ್ದು ಅಂತ ಸೋಮವಾರವೇ ಕೇಳಿದ್ದರೆ, ಊರಿನ ನಾಲ್ಕು ಕಾಟಾ ತರಿಸಿ, ತರಕಾರಿಯವರದ್ದು, ಹಳೇ ಪೇಪರಿನವರದ್ದು ಕೂಡಿಸಿ ನೋಡಿದ್ದರೆ, ಒಬ್ಬಳ ಮೇಲೆ ಬೊಟ್ಟು ಬರುತ್ತಿರಲಿಲ್ಲ. ಜನವರಿಯಲ್ಲಿ ಹಾಗೆಯೇ ಮಾಡಿದೆವು. ‘ತೂಕದ ದಿನ’ ಅಂತ ಇಟ್ಟು ಊರಿನವರಿಗೆಲ್ಲ ಕಾಟಾ ತರಲು ಹೇಳಿದೆವು, ಯಾರ ಕಾಟಾ ಎಂದು ಎಲ್ಲಿಯೂ ಬರೆದುಕೊಳ್ಳಲಿಲ್ಲ. ಏಳು ಬಂದವು. ಎರಡರಲ್ಲಿ ವ್ಯತ್ಯಾಸ ಇತ್ತು, ಅದರಲ್ಲಿ ಒಂದು ಮಾರುವವನಿಗೇ ನಷ್ಟ ಮಾಡುತ್ತಿತ್ತು. ಆ ತರಕಾರಿ ಅಜ್ಜ ಹುಡುಗಿಯರಿಗೆ ಒಂದು ಬುಟ್ಟಿ ಬಾರಿಹಣ್ಣು ಕಳಿಸಿಕೊಟ್ಟ.

ಇಲಾಖೆಗೆ ದೂರು ಕೊಡದೆ ಇದ್ದದ್ದು ಸರಿಯೇ? ಕೊಟ್ಟಿದ್ದರೆ ಬಹುಶಃ ದಂಡ ಬೀಳುತ್ತಿತ್ತು, ‘ಸ’ನ ಮನೆಯವರು ಊರಲ್ಲಿ ಇರುವುದು ಕಷ್ಟವಾಗುತ್ತಿತ್ತು. ಕೊಡದ್ದರಿಂದ ಸುತ್ತಲಿನ ಬೇರೆ ಹೊಲಗಳ ಕಾಟಾಗಳು ಹೇಗಿದ್ದವೋ ಹಾಗೇ ಇವೆ. ಈ ವಿಷಯದಲ್ಲಿ ವಿಜ್ಞಾನ ಶಿಕ್ಷಕಿಗೂ ನನಗೂ ಇವತ್ತಿಗೂ ಒಮ್ಮತವಿಲ್ಲ.

ಕಲಿಕೆಯ ಮಟ್ಟಿಗೆ

ಆ ವರ್ಷದ ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೂ ಇದಕ್ಕೂ ಗಂಟು ಹಾಕಲಾರೆ. ‘ಸ’ ಗಣಿತದಲ್ಲಿ ಪಾಸಾದಳು, ದೊಡ್ಡ ಅಂಕವೇನಲ್ಲ. ಡಿಸೆಂಬರ್‌ನಲ್ಲಿ ಗೈರುಹಾಜರಿ ಹಿಂದಿನ ವರ್ಷದಷ್ಟೇ ಇತ್ತು. ಬದಲಾದದ್ದು ಬೇರೆ. ಮೊದಲೆಲ್ಲ ಹತ್ತಿ ಮುಗಿಸಿ ಜನವರಿಯಲ್ಲಿ ಬರುವ ಹುಡುಗಿಯರು ಬಾಗಿಲ ಹತ್ತಿರ ಒಂದು ಗಳಿಗೆ ನಿಂತು, ನಾವು ಬೈಯುತ್ತೇವೆಂದು ಕಾದು, ತಲೆ ತಗ್ಗಿಸಿ ಹಿಂದೆ ಹೋಗಿ ಕೂರುತ್ತಿದ್ದರು. ಕೆಲವರು ಆ ಬಾಗಿಲಿಗೇ ಹೆದರಿ ಬರುತ್ತಲೇ ಇರಲಿಲ್ಲ. ಈ ಸಲ ಬರುವಾಗ ಕೈಯಲ್ಲಿ ವಹಿ ಇತ್ತು. ‘ಎಷ್ಟ್ ದಿನದ್ದು ಬರದಿ?’ ಅಂತ ಕೇಳಿದರೆ ಮಾತು ಅಲ್ಲಿಂದ ಶುರುವಾಗುತ್ತಿತ್ತು. ಸರಾಸರಿ, ಶೇಕಡಾವಾರು, ನಕ್ಷೆ ಇಷ್ಟನ್ನು ಅವರ ಅಂಕಿಗಳ ಮೇಲೆಯೇ ಮಾಡಿಸಿದೆ. ಪಾಸಿಂಗ್ ಪ್ಯಾಕೇಜಿನ ಹಾಳೆಗಳನ್ನೂ ಮಾಡಿಸಿದೆ, ಬಿಡಲಿಲ್ಲ. ಹೊಟ್ಟೆಪಾಡಿನ ಕೆಲಸ ಅದು, ನನ್ನದೂ.

ಬೀರುವಿನ ಕಿಟ್‌ಗಳು ಫೆಬ್ರವರಿಯಲ್ಲಿ ಹೊರಬಂದವು. ಹತ್ತಿಯ ಹಸಿ ಗೊತ್ತಾಗಲು ಸೆನ್ಸರ್ ಇದೆಯಾ ಅಂತ ಒಂಬತ್ತನೇ ತರಗತಿಯವರು ಕೇಳಿದ್ದರು. ಮಣ್ಣಿನ ತೇವ ಅಳೆಯುವುದು ಒಂದಿತ್ತು. ಹತ್ತಿಗೆ ಅದು ನಡೆಯಲಿಲ್ಲ. ಎರಡು ಅವಧಿ ಅದರ ಜೊತೆ ಗುದ್ದಾಡಿದರು, ಅವಧಿಗಳು ಶಾಲೆಯ ಒಳಗಿನವೇ ಆದ್ದರಿಂದ ಯಾರಿಗೂ ಬಸ್ಸು ತಪ್ಪಲಿಲ್ಲ.

ಎಂಟನೇ ತರಗತಿಯ ಮಾತು ಹೇಳುತ್ತೇನೆ ಅಂದಿದ್ದೆ. ಅವರಿಗೆ ವಹಿ ಬೇಡ ಅಂತ ನಾವು ಬಾಗಿಲು ಹಾಕಿದ್ದೆವು, ಕಾರಣ ಸರಿಯಾದದ್ದೇ. ಮಾರ್ಚ್‌ನಲ್ಲಿ ಒಂದು ದಿನ ಎಂಟನೇ ತರಗತಿಯ ಪುಟ್ಟ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದು, ಅಕ್ಕನದನ್ನು ನೋಡಿ ತಾನೂ ಇಟ್ಟ ವಹಿ ಕೊಟ್ಟಳು. ‘ನಂದ್ಯಾಕ ತಗೊಳಂಗಿಲ್ರಿ ಟೀಚರ್?’ ಅಂದಳು. ತೆಗೆದುಕೊಂಡೆ. ಅವಳು ಹೋದ ಮೇಲೆ ಹಾಜರಿ ಪುಸ್ತಕ ಪಕ್ಕಕ್ಕಿಟ್ಟು ತಾರೀಖು ತಾರೀಖು ಹೊಂದಿಸಿ ನೋಡಿದೆ. ನಾವು ‘ಅನಾರೋಗ್ಯ’ ಅಂತ ಬರೆದಿದ್ದ ಹತ್ತೊಂಬತ್ತು ದಿನಗಳೂ ಅದರಲ್ಲಿ ಇದ್ದವು, ಒಂದೊಂದರ ಮುಂದೆಯೂ ಗಂಟಿನ ತೂಕ.